ಸಣ್ಣ ತೂತು ಅಂದ್ರೆ ಸಣ್ಣ ನೋವಾ? ಮಕ್ಕಳ ಆಪರೇಷನ್ನು ಮತ್ತು ಮರಗಟ್ಟಿಸೋ ಮದ್ದಿನ ಕಥೆ

ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ಸಲದ ಇತಿಹಾಸವನ್ನ ಒಂದು ಲೆಕ್ಕದಿಂದ ಶುರು ಮಾಡ್ತೀನಿ.

1977. ಅಮೆರಿಕದಲ್ಲಿ ಜೋ ಈಲಂಡ್ ಎಂಬ ನರ್ಸಿಂಗ್ ಸಂಶೋಧಕಿ ಆಸ್ಪತ್ರೆಯ ದಾಖಲೆಗಳನ್ನು ಮುಂದಿಟ್ಟುಕೊಂಡು ಒಂದು ಎಣಿಕೆ ಪ್ರಕಟಿಸಿದರು. ನಾಲ್ಕರಿಂದ ಎಂಟು ವರ್ಷದ 25 ಮಕ್ಕಳು, ಎಲ್ಲರಿಗೂ ಆಪರೇಷನ್ ಆಗಿತ್ತು. ಅವರು ಆಸ್ಪತ್ರೆಯಲ್ಲಿದ್ದಷ್ಟೂ ದಿನ ಎಲ್ಲರಿಗೂ ಸೇರಿ ಕೊಟ್ಟ ನೋವಿನ ಮದ್ದು ಒಟ್ಟು 24 ಡೋಸ್. 13 ಮಕ್ಕಳಿಗೆ ಒಂದೂ ಇಲ್ಲ. ಪಕ್ಕದಲ್ಲಿಟ್ಟು ಹೋಲಿಸಲು ಅಂಥದೇ ತೊಂದರೆಗಳಿದ್ದ 18 ಮಂದಿ ದೊಡ್ಡವರ ದಾಖಲೆ ತೆಗೆದರು. ಅವರಿಗೆ ಕೊಟ್ಟಿದ್ದು 671 ಡೋಸ್. ಅಂದ್ರೆ ದೊಡ್ಡವರಿಗೆ ತಲೆಗೆ ಸುಮಾರು 37, ಮಕ್ಕಳಿಗೆ ತಲೆಗೆ ಒಂದೂ ಪೂರ್ತಿ ಬರಲ್ಲ.

ಇಂಥ ಬ್ಯಾಲೆನ್ಸ್ ಶೀಟ್ ಯಾವುದಾದರೂ ಕಂಪನಿಯದ್ದಾಗಿದ್ದರೆ ಆಡಿಟರ್ ಮೊದಲು ಕೇಳೋದು, ಬಾಕಿ ಸ್ಟಾಕ್ ಎಲ್ಲಿ ಅಂತ. ಇಲ್ಲಿ ಸ್ಟಾಕಿಗೆ ಕೊರತೆಯೇ ಇರಲಿಲ್ಲ. ನೋವಿನ ಮದ್ದು ವಾರ್ಡಿನ ಬೀರುವಿನಲ್ಲೇ ಇತ್ತು. ಕೊಯ್ದ ಜಾಗವನ್ನಷ್ಟೇ ಮರಗಟ್ಟಿಸೋ ಮದ್ದಂತೂ ಬಂದು ತೊಂಬತ್ತು ವರ್ಷ ದಾಟಿತ್ತು. ಹಾಗಾದ್ರೆ ಮಕ್ಕಳ ಖಾತೆಗೆ ಅದು ಜಮಾ ಆಗೋಕೆ ಅಷ್ಟು ತಡ ಯಾಕಾಯ್ತು ಅನ್ನೋದೇ ಇವತ್ತಿನ ವಿಷಯ.

ಮೊದಲು ಭಯದಿಂದ ಶುರು ಮಾಡೋಣ, ಯಾಕಂದ್ರೆ ಡಾಕ್ಟರುಗಳ ಭಯಕ್ಕೆ ಕಾರಣವೂ ಇತ್ತು. 1846ರ ಕೊನೆಗೆ ಈಥರ್, ಮರುವರ್ಷ ಕ್ಲೋರೋಫಾರ್ಮ್ ಬಂದವು. ಜನ ಇನ್ನೂ ಆ ಖುಷಿಯಲ್ಲಿದ್ದಾಗಲೇ, 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಹತ್ತಿರ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಅವಳಿಗೆ ಆಗಬೇಕಿದ್ದ ಆಪರೇಷನ್ ಏನು ಗೊತ್ತಾ? ಕಾಲಿನ ಒಂದು ಉಗುರು ತೆಗೆಯೋದು. ಇವತ್ತು ಅದಕ್ಕೆ ಬೆರಳ ಬುಡಕ್ಕೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸ್ತಾರೆ, ಮಗು ಮೊಬೈಲ್ ನೋಡ್ತಾ ಇರುತ್ತೆ. ಆಗ ಪೂರ್ತಿ ಮೈಗೆ ನಿದ್ದೆ ಬರಿಸುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು 1884ರಲ್ಲಿ, ವಿಯೆನ್ನಾದಲ್ಲಿ. ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ಕೊಕೇನನ್ನು ಜರ್ಮನಿಯ ಆಲ್ಬರ್ಟ್ ನೀಮನ್ 1860ರಲ್ಲೇ ಬೇರ್ಪಡಿಸಿದ್ದರು. ಅದು ನಾಲಿಗೆಗೆ ಜೋಮು ಹಿಡಿಸುತ್ತೆ ಅಂತ ಗೊತ್ತಿತ್ತು, ಆದರೆ ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನು ಆಪರೇಷನ್ನಿಗೆ ಬಳಸೋಣ ಅಂತ ಯಾರೂ ಮುಂದಾಗಲಿಲ್ಲ. ವಿಯೆನ್ನಾದ ಆಸ್ಪತ್ರೆಯಲ್ಲಿದ್ದ ಸಿಗ್ಮಂಡ್ ಫ್ರಾಯ್ಡ್, ಹೌದು, ಅದೇ ಮನಶ್ಶಾಸ್ತ್ರದ ಫ್ರಾಯ್ಡ್, ಕೋಕಾ ಬಗ್ಗೆ ಉದ್ದನೆಯ ಲೇಖನ ಬರೆದು, ಮದುವೆ ನಿಶ್ಚಯವಾಗಿದ್ದ ಹುಡುಗಿಯನ್ನು ನೋಡಲು ಊರು ಬಿಟ್ಟರು. ಇತ್ತ ಅವರ ಗೆಳೆಯ ಕಾರ್ಲ್ ಕೋಲರ್ ಕೊಕೇನ್ ದ್ರಾವಣವನ್ನು ಕಪ್ಪೆಯ ಕಣ್ಣಿಗೆ ಹನಿಸಿ, ಆಮೇಲೆ ತನ್ನದೇ ಕಣ್ಣಿಗೆ ಹನಿಸಿ ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿದರು. ಏನೂ ಗೊತ್ತಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೈಡೆಲ್‌ಬರ್ಗ್‌ನಲ್ಲಿ ನಡೆದ ಕಣ್ಣಿನ ಡಾಕ್ಟರುಗಳ ಸಮ್ಮೇಳನಕ್ಕೆ ಹೋಗಲು ಕೋಲರ್ ಹತ್ತಿರ ದುಡ್ಡಿರಲಿಲ್ಲ. ಅವರ ಪ್ರಬಂಧವನ್ನು ಬೇರೆಯವರು ಓದಿದರು. ಮುಂದೆ ಫ್ರಾಯ್ಡ್ ತಮ್ಮ ಆತ್ಮಕಥನದಲ್ಲಿ, ನನಗೆ ಆ ಹೆಸರು ತಪ್ಪಿದ್ದು ನನ್ನ ಹುಡುಗಿಯಿಂದ ಅನ್ನೋ ಅರ್ಥ ಬರುವ ಹಾಗೆ ಬರೆದುಕೊಂಡರು. ರಜೆ ಹಾಕಿದವರು ಇವರು, ತಪ್ಪು ಆಕೆಯದ್ದು!

ಇರಲಿ. ಕೋಲರ್‌ಗಿಂತಲೂ ನಮ್ಮ ಕಥೆಗೆ ಹತ್ತಿರದವರು ಬರ್ಲಿನ್ನಿನ ಕಾರ್ಲ್ ಲುಡ್ವಿಗ್ ಶ್ಲೈಖ್. ಕೊಕೇನ್ ಜಾಸ್ತಿಯಾದರೆ ವಿಷ, ಚಟ ಬೇರೆ ಹತ್ತುತ್ತೆ. ಶ್ಲೈಖ್ ಮಾಡಿದ್ದು ಸರಳ: ಮದ್ದನ್ನು ಉಪ್ಪುನೀರಿನಲ್ಲಿ ತೀರಾ ತೆಳುವಾಗಿಸಿ, ಎಲ್ಲಿ ಕೊಯ್ಯಬೇಕೋ ಆ ಚರ್ಮದ ಸುತ್ತಲೇ ತುಂಬಿಸುವುದು. 1892ರಲ್ಲಿ ಜರ್ಮನ್ ಸರ್ಜನ್‌ಗಳ ಸಭೆಯಲ್ಲಿ ಇದನ್ನು ವಿವರಿಸಿದ್ದಲ್ಲದೆ, ಇಷ್ಟರಲ್ಲಿ ಆಗೋ ಕೆಲಸಕ್ಕೆ ರೋಗಿಯನ್ನು ಪೂರ್ತಿ ಪ್ರಜ್ಞೆ ತಪ್ಪಿಸೋದು ಸರಿಯಲ್ಲ ಅಂದುಬಿಟ್ಟರು. ಸಭೆಯಲ್ಲಿ ಗದ್ದಲವೋ ಗದ್ದಲ. ಶ್ಲೈಖ್ ಎದ್ದು ಹೊರನಡೆದರು. ಆದರೆ ಇವತ್ತು ಯಾವುದೇ ಆಪರೇಷನ್ ಥಿಯೇಟರಿನಲ್ಲಿ ಗಾಯದ ಅಂಚಿಗೆ ಮರಗಟ್ಟಿಸೋ ಇಂಜೆಕ್ಷನ್ ಕೊಡ್ತಾರಲ್ಲ, ಅದರ ಬೇರು ಇಲ್ಲಿದೆ. ತೆಳುವಾಗಿಸೋ ಈ ಲೆಕ್ಕ ಮಕ್ಕಳಿಗೆ ಎಷ್ಟು ಮುಖ್ಯ ಅಂತ ಮುಂದೆ ಹೇಳ್ತೀನಿ.

1910ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಸರ್ಜನ್ ಜಾರ್ಜ್ ಕ್ರೈಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ರೋಗಿ ನಿದ್ದೆಯಲ್ಲಿದ್ದರೂ ಕೊಯ್ತದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗ್ತಾನೇ ಇರುತ್ತೆ, ದೇಹ ಅದರಿಂದ ನಲುಗುತ್ತೆ, ಆದ್ದರಿಂದ ನಿದ್ದೆಯ ಜೊತೆಗೆ ಕೊಯ್ಯೋ ಜಾಗವನ್ನೂ ಮರಗಟ್ಟಿಸಿ ಅಂತ ಅವರ ವಾದ. ಮನೆಯವರು ಮಲಗಿದ್ದಾರೆ ಅಂತ ಕಳ್ಳ ಬಾಗಿಲು ಒಡೆಯೋದು ನಿಲ್ಲುತ್ತಾ? ಹಾಗೇ ಇದು. ನರದೊಳಗೆ ಸುದ್ದಿ ಸಾಗೋದು ಸೋಡಿಯಂ ಕಣಗಳು ಸಣ್ಣ ಸಣ್ಣ ಬಾಗಿಲುಗಳಿಂದ ಒಳನುಗ್ಗಿದಾಗ. ಲೋಕಲ್ ಅನಸ್ತೇಷಿಯಾ ಮದ್ದು ಆ ಬಾಗಿಲುಗಳನ್ನೇ ಸ್ವಲ್ಪ ಹೊತ್ತು ಮುಚ್ಚುತ್ತೆ.

ಮದ್ದುಗಳೂ ಸುಧಾರಿಸ್ತಾ ಹೋದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ರೋಕೇನ್, 1943ರಲ್ಲಿ ಸ್ವೀಡನ್ನಿನಲ್ಲಿ ಲಿಡೋಕೇನ್, 1957ರಲ್ಲಿ ಅದೇ ದೇಶದಲ್ಲಿ ಇನ್ನೂ ಹೆಚ್ಚು ಹೊತ್ತು ಇರೋ ಬ್ಯುಪಿವಕೇನ್. ಹಲ್ಲಿನ ಡಾಕ್ಟರ್ ಹತ್ತಿರ ಹೋದೋರಿಗೆ ಲಿಡೋಕೇನ್ ಪರಿಚಯ ಇದ್ದೇ ಇರುತ್ತೆ, ತುಟಿ ದಪ್ಪಗಾದ ಹಾಗೆ ಅನ್ಸುತ್ತಲ್ಲ, ಅದೇ.

ಇಷ್ಟೆಲ್ಲ ಇದ್ದೂ ಮಕ್ಕಳ ಪಾಲಿಗೆ 24 ಡೋಸ್. ಯಾಕೆ?

ಎಳೆಗೂಸುಗಳ ನರ ಇನ್ನೂ ಬಲಿತಿರಲ್ಲ ಅನ್ನೋದು ಆಗಿನ ಪಾಠ. ಕರೆಂಟ್ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರೋ ಹಾಗೆ ನಮ್ಮ ಎಷ್ಟೋ ನರಗಳಿಗೆ ಮಯಲಿನ್ ಎಂಬ ಹೊದಿಕೆ ಇದೆ. ಹುಟ್ಟಿದ ಮಗುವಿನಲ್ಲಿ ಅದು ಪೂರ್ತಿ ಆಗಿರಲ್ಲ, ಹಾಗಾಗಿ ನೋವೂ ಇರಲ್ಲ ಅನ್ನೋ ತೀರ್ಮಾನ. 1941ರಲ್ಲಿ ಮರ್ಟಲ್ ಮೆಕ್‌ಗ್ರಾ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳಿಗೆ ಸೂಜಿಯಿಂದ ಮೆಲ್ಲಗೆ ಚುಚ್ಚಿ ಪ್ರತಿಕ್ರಿಯೆ ದಾಖಲಿಸಿದ ಅಧ್ಯಯನವನ್ನು ಹಲವರು ಇದಕ್ಕೆ ಆಧಾರ ಮಾಡಿಕೊಂಡರು. ಆದರೆ ದೊಡ್ಡವರಲ್ಲೂ ನೋವು ಹೊರುವ ನರತಂತುಗಳಲ್ಲಿ ಬಹಳಷ್ಟಕ್ಕೆ ಆ ಹೊದಿಕೆ ಇಲ್ಲವೇ ಇಲ್ಲ! ಆ ವಾದ ಸರಿಯಾಗಿದ್ದರೆ ನಮಗೂ ನಿಮಗೂ ಸುಟ್ಟರೆ ಗೊತ್ತಾಗಬಾರದಿತ್ತು. ಇದರ ಜೊತೆಗೆ ಮಕ್ಕಳು ಮರೆತುಬಿಡ್ತಾರೆ, ಮದ್ದಿಗೆ ಚಟ ಹತ್ತುತ್ತೆ, ಉಸಿರು ನಿಲ್ಲುತ್ತೆ ಅನ್ನೋ ಮಾತುಗಳು. ಕೊನೆಯದು ನಿಜವಾದ ಅಪಾಯ. ಉಳಿದವು ಅನುಕೂಲಕ್ಕೆ ಹುಟ್ಟಿದ ಮಾತುಗಳು ಅಂತ ನನಗನ್ಸುತ್ತೆ.

ನಮ್ಮ ಮನೆಗಳಲ್ಲೂ ಇದರ ಛಾಯೆ ಇದೆ. ಕಿವಿ ಚುಚ್ಚಿಸುವಾಗ ಮಗು ಕಿರುಚಿದರೆ, "ಅಯ್ಯೋ ಈಗ ಮರೀತಾನೆ ಬಿಡು" ಅಂತ ಬಾಯಿಗೆ ಸಿಹಿ ಇಡ್ತೀವಿ. ಅಜ್ಜಿಯರ ಸಿಹಿಯಲ್ಲಿ ಒಂದಿಷ್ಟು ಸತ್ಯ ಇದೆ ಅನ್ನೋದು ಬೇರೆ ಮಾತು. ನವಜಾತ ಶಿಶುಗಳಿಗೆ ರಕ್ತ ತೆಗೆಯುವ ಮುಂಚೆ ಆಸ್ಪತ್ರೆಗಳಲ್ಲೂ ಈಗ ಒಂದೆರಡು ಹನಿ ಸಕ್ಕರೆ ನೀರು ಕೊಡ್ತಾರೆ, ಅಳು ಕಡಿಮೆಯಾಗೋದು ಅಧ್ಯಯನಗಳಲ್ಲಿ ಕಂಡಿದೆ. "ಮರೀತಾನೆ ಬಿಡು" ಅನ್ನೋ ಮಾತೇ ತೊಂದರೆಯದ್ದು. ಅದಕ್ಕೆ ಮತ್ತೆ ಬರ್ತೀನಿ.

1985ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ, ಅವಧಿಗೆ ಬಹಳ ಮುಂಚೆ ಹುಟ್ಟಿದ ಒಂದು ಗಂಡುಮಗುವಿಗೆ ಹೃದಯದ ಹತ್ತಿರದ ರಕ್ತನಾಳವೊಂದನ್ನು ಕಟ್ಟುವ ಆಪರೇಷನ್ ಆಯಿತು. ಎದೆ ತೆರೆದು ಮಾಡಿದ್ದು. ಕೆಲವು ವಾರಗಳಲ್ಲಿ ಮಗು ತೀರಿಕೊಂಡಿತು. ಆಮೇಲೆ ತಾಯಿ ದಾಖಲೆ ಕೇಳಿ ತೆಗೆಸಿಕೊಂಡು ನೋಡಿದರೆ, ಆಪರೇಷನ್ ವೇಳೆ ಮಗುವಿಗೆ ಕೊಟ್ಟದ್ದು ಪ್ಯಾಂಕ್ಯುರೋನಿಯಂ. ಅದು ಮಾಂಸಖಂಡಗಳನ್ನು ಅಲುಗಾಡದಂತೆ ಮಾಡೋ ಮದ್ದು. ನೋವಿಗೆ ಅದರಿಂದ ಏನೂ ಆಗಲ್ಲ. ಮಗು ಅಳಲಾರದು, ಕೈಕಾಲು ಆಡಿಸಲಾರದು, ಅಷ್ಟೇ. ಆ ತಾಯಿ ಸುಮ್ಮನೆ ಕೂರಲಿಲ್ಲ. ಡಾಕ್ಟರುಗಳಿಗೆ, ಸಂಸ್ಥೆಗಳಿಗೆ ಪತ್ರ ಬರೆದರು. 1986ರಲ್ಲಿ ವಿಷಯ ಪತ್ರಿಕೆಗೆ ಬಂತು. ಓದಿದ ಜನ ನಂಬಲಿಲ್ಲ, ಹೀಗೂ ಮಾಡ್ತಾರಾ ಅಂತ. ವೈದ್ಯರಲ್ಲಿ ಹಲವರಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ, ಯಾಕಂದ್ರೆ ಎಳೆಗೂಸುಗಳಿಗೆ ಅದು ಆಗ ಅಪರೂಪದ ಪದ್ಧತಿಯೇನೂ ಆಗಿರಲಿಲ್ಲ.

ಸರಿಸುಮಾರು ಅದೇ ಹೊತ್ತಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಭಾರತದ ಒಬ್ಬ ಯುವ ಡಾಕ್ಟರ್ ಇದನ್ನೇ ಅಳೆಯುತ್ತಿದ್ದರು. ಕನ್ವಲ್‌ಜೀತ್ ಸಿಂಗ್ ಆನಂದ್. ಇಂದೋರಿನ ಎಂಜಿಎಂ ಮೆಡಿಕಲ್ ಕಾಲೇಜಿನಲ್ಲಿ ಓದಿ, ರೋಡ್ಸ್ ಸ್ಕಾಲರ್ ಆಗಿ ಅಲ್ಲಿಗೆ ಹೋದವರು. ಆಪರೇಷನ್ನಿಗೆ ಹೋಗುವಾಗ ಸ್ಥಿರವಾಗಿದ್ದ ಶಿಶುಗಳು ವಾಪಸ್ ಬರುವಾಗ ಯಾಕೆ ಇಷ್ಟು ಹದಗೆಟ್ಟು ಬರ್ತಾವೆ ಅನ್ನೋದು ಅವರ ಪ್ರಶ್ನೆ. ನೋವನ್ನು ಕೇಳಿ ತಿಳಿಯೋಕೆ ಆಗಲ್ಲ, ಆದರೆ ದೇಹ ಒತ್ತಡಕ್ಕೆ ಸಿಕ್ಕಾಗ ಬಿಡೋ ಹಾರ್ಮೋನುಗಳನ್ನು ರಕ್ತದಲ್ಲಿ ಅಳೆಯಬಹುದು. 1987ರಲ್ಲಿ ಅವರ ತಂಡ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಬರೀ 16 ಶಿಶುಗಳು. ಎಂಟಕ್ಕೆ ಆಗಿನ ರೂಢಿಯಂತೆ ನೈಟ್ರಸ್ ಆಕ್ಸೈಡ್ ಮತ್ತು ಮಾಂಸಖಂಡ ಸಡಿಲಿಸೋ ಮದ್ದು. ಉಳಿದ ಎಂಟಕ್ಕೆ ಅದರ ಜೊತೆಗೆ ಫೆಂಟನಿಲ್ ಎಂಬ ನೋವಿನ ಮದ್ದು. ಫೆಂಟನಿಲ್ ಸಿಕ್ಕ ಶಿಶುಗಳಲ್ಲಿ ಒತ್ತಡದ ಹಾರ್ಮೋನು ಬಹಳ ಕಡಿಮೆ, ಆಪರೇಷನ್ ನಂತರದ ತೊಡಕುಗಳೂ ಕಡಿಮೆ.

ನನಗೆ ಇಲ್ಲಿ ಹಿಡಿಸೋದು ಇದು: ಎಷ್ಟು ಸಾವಿರ ಅಮ್ಮಂದಿರು "ನನ್ನ ಮಗೂಗೆ ನೋವಾಗ್ತಿದೆ" ಅಂದಾಗ ಆಗದ ಕೆಲಸ, ರಕ್ತ ಪರೀಕ್ಷೆಯ ಒಂದು ಟೇಬಲ್ಲಿನಿಂದ ಆಯ್ತು. ಬೇಜಾರಿನ ಸಂಗತಿ, ಆದರೂ ಆಯ್ತಲ್ಲ. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿಕೆ ಹೊರಡಿಸಿತು. ಆಪರೇಷನ್ನಿಗೆ ಒಳಗಾಗುವ ನವಜಾತ ಶಿಶುಗಳಿಗೂ ಲೋಕಲ್ ಮದ್ದನ್ನೋ ಇಡೀ ದೇಹಕ್ಕೆ ಕೆಲಸ ಮಾಡೋ ಮದ್ದನ್ನೋ ಸಾಕಷ್ಟು ಸುರಕ್ಷಿತವಾಗಿ ಕೊಡಬಹುದು ಅಂತ.

ಈಗ "ಮರೀತಾನೆ ಬಿಡು"ಗೆ ಬರೋಣ. 1997ರಲ್ಲಿ ಕೆನಡಾದ ಆ್ಯನಾ ಟ್ಯಾಡಿಯೋ ಮತ್ತು ಸಂಗಡಿಗರು, ಹುಟ್ಟಿದಾಗ ಸುನ್ನತಿ ಆಗಿದ್ದ ಗಂಡುಮಕ್ಕಳನ್ನು ನಾಲ್ಕು ಅಥವಾ ಆರು ತಿಂಗಳಿಗೆ ಲಸಿಕೆ ಹಾಕಿಸುವಾಗ ಗಮನಿಸಿದರು. ಮರಗಟ್ಟಿಸೋ ಮುಲಾಮು ಇಲ್ಲದೆ ಸುನ್ನತಿಯಾಗಿದ್ದ ಮಕ್ಕಳು, ಸುನ್ನತಿಯೇ ಆಗದ ಮಕ್ಕಳಿಗಿಂತ ಲಸಿಕೆಯ ಸೂಜಿಗೆ ಹೆಚ್ಚು ನೋವು ತೋರಿಸಿದರು. ಮುಲಾಮು ಹಚ್ಚಿದ್ದ ಮಕ್ಕಳು ಇವೆರಡರ ನಡುವೆ. ಮಗುವಿಗೆ ನೆನಪಿರಲ್ಲ ನಿಜ. ನರಮಂಡಲಕ್ಕೆ ಅದರದ್ದೇ ಖಾತೆ ಪುಸ್ತಕ ಇದೆ.

ಇನ್ನು ಕೀಹೋಲ್ ಆಪರೇಷನ್. 1901ರಲ್ಲಿ ಜರ್ಮನಿಯ ಗಿಯೋರ್ಗ್ ಕೆಲಿಂಗ್ ನಾಯಿಯ ಹೊಟ್ಟೆಯೊಳಗೆ ಗಾಳಿ ತುಂಬಿ ಕೊಳವೆಯಿಂದ ನೋಡಿದರು. 1980ರಲ್ಲಿ ಕೀಲ್ ನಗರದ ಕುರ್ಟ್ ಸೆಮ್ ಎಂಬ ಸ್ತ್ರೀರೋಗ ತಜ್ಞ ಹೊಟ್ಟೆ ಕೊಯ್ಯದೆ ಅಪೆಂಡಿಕ್ಸ್ ತೆಗೆದಾಗ ಅವರ ಮೇಲೇ ಕ್ರಮ ಆಗಬೇಕು ಅಂತ ಕೂಗೆದ್ದಿತು. ಹತ್ತೇ ವರ್ಷದಲ್ಲಿ ಇಡೀ ಜಗತ್ತು ಅದೇ ದಾರಿ ಹಿಡಿಯಿತು, 1990ರ ದಶಕದಲ್ಲಿ ಉಪಕರಣಗಳು ಸಣ್ಣದಾಗ್ತಾ ಮಕ್ಕಳಿಗೂ ಬಂತು. ಮಕ್ಕಳಲ್ಲಿ ಈಗ ತೂತಿನ ಅಗಲ ಹೆಚ್ಚಾಗಿ ಮೂರರಿಂದ ಐದು ಮಿಲಿಮೀಟರ್. ಬೇಗ ಮನೆಗೆ ಹೋಗಬಹುದು, ಗಾಯ ಕಾಣಿಸೋದೂ ಕಷ್ಟ. ಆದರೆ ಇದರ ಜೊತೆಯಲ್ಲೇ ಹಳೇ ಭ್ರಮೆ ಹೊಸ ವೇಷದಲ್ಲಿ ವಾಪಸ್ ಬಂತು ಅನ್ನೋದು ನನ್ನ ಅನಿಸಿಕೆ. ಮೊದಲು "ಮಗು ಸಣ್ಣದು, ನೋವಿಲ್ಲ". ಈಗ "ತೂತು ಸಣ್ಣದು, ನೋವಿಲ್ಲ".

ನಮ್ಮಕ್ಕನ ಮಗನಿಗೆ ಏಳು ವರ್ಷದಲ್ಲಿ ಹೀಗೇ ಅಪೆಂಡಿಕ್ಸ್ ಆಪರೇಷನ್ ಆಯ್ತು. ಸಂಜೆ ನಾನು ನೋಡೋಕೆ ಹೋದಾಗ ಅವನು ಕೇಳಿದ್ದು, "ಮಾಮಾ, ಕುಯ್ದಿದ್ದು ಹೊಟ್ಟೆ ಅಲ್ವಾ, ಭುಜ ಯಾಕೆ ನೋಯತ್ತೆ?" ಭಾವ ಅವನು ಅಡ್ಡಾದಿಡ್ಡಿ ಮಲಗಿರಬೇಕು ಅಂದ್ರು. ರೌಂಡ್ಸಿಗೆ ಬಂದ ಅನಸ್ತೇಷಿಯಾ ಡಾಕ್ಟರು ನಕ್ಕು, ಒಳ್ಳೇ ಪ್ರಶ್ನೆ ಕಣೋ ಅಂದರು. ಕೀಹೋಲ್ ಆಪರೇಷನ್ನಿನಲ್ಲಿ ಹೊಟ್ಟೆಯನ್ನು ಬಲೂನಿನ ಹಾಗೆ ಕಾರ್ಬನ್ ಡೈಆಕ್ಸೈಡ್‌ನಿಂದ ಉಬ್ಬಿಸ್ತಾರೆ. ಅದು ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆರಳಿಸುತ್ತೆ. ವಪೆಯ ನರ ಹೊರಡೋದು ಕುತ್ತಿಗೆಯಿಂದ, ಭುಜದ ಚರ್ಮದ ನರವೂ ಅಲ್ಲಿಂದಲೇ. ಹಾಗಾಗಿ ಮಿದುಳಿಗೆ ವಿಳಾಸ ಅದಲುಬದಲಾಗುತ್ತೆ. ಡಿಸ್ಚಾರ್ಜ್ ದಿನ ಬಿಲ್ಲನ್ನು ಸಾಲು ಸಾಲಾಗಿ ಓದೋದು ನನ್ನ ಚಾಳಿ. ಅಷ್ಟು ದೊಡ್ಡ ಪಟ್ಟಿಯಲ್ಲಿ ಬ್ಯುಪಿವಕೇನ್ ಅಂತ ಒಂದು ಸಾಲು, ರೂಮಿನ ಬಾಡಿಗೆ ಮುಂದೆ ಚಿಲ್ಲರೆ ಕಾಸು.

ಆ ಚಿಲ್ಲರೆಯ ಕೆಲಸ ಏನಪ್ಪಾ ಅಂದ್ರೆ, ಕೀಹೋಲ್ ಆಪರೇಷನ್ ನಂತರದ ನೋವಿಗೆ ಮೂರು ಮೂಲ ಇದೆ. ತೂತು ಹಾಕಿದ ಹೊಟ್ಟೆಯ ಗೋಡೆ, ಒಳಗೆ ಕೈಯಾಡಿಸಿದ ಅಂಗ, ಮತ್ತೆ ಆ ಗ್ಯಾಸು. ತೂತಿನ ಸುತ್ತ ಕೊಡೋ ಲೋಕಲ್ ಮದ್ದು ಮೊದಲನೆಯದನ್ನು ಹಿಡಿಯುತ್ತೆ, ಕೆಲವು ಗಂಟೆ. ಉಳಿದ ಎರಡಕ್ಕೆ ಪ್ಯಾರಾಸಿಟಮಾಲ್ ಥರದ ಮದ್ದು ಬೇಕೇ ಬೇಕು. ಕೊಯ್ಯೋ ಮುಂಚೆ ಕೊಡಬೇಕಾ, ಹೊಲಿಗೆ ಹಾಕುವಾಗಲಾ ಅನ್ನೋದು ಕ್ರೈಲ್ ಕಾಲದಿಂದ ನಡೆದ ವಾದ. 1980ರ ದಶಕದಲ್ಲಿ ಕ್ಲಿಫರ್ಡ್ ವೂಲ್ಫ್, ಪೆಟ್ಟಾದ ಮೇಲೆ ಬೆನ್ನುಹುರಿಯೇ ಹೆಚ್ಚು ಸೂಕ್ಷ್ಮವಾಗುತ್ತೆ ಅಂತ ತೋರಿಸಿದಾಗ ಮುಂಚಿತವಾಗಿ ಕೊಡೋದಕ್ಕೆ ಬಲ ಬಂತು. ರೋಗಿಗಳ ಮೇಲಿನ ಅಧ್ಯಯನಗಳ ಫಲಿತಾಂಶ ಮಾತ್ರ ಅಷ್ಟು ಒಮ್ಮತದ್ದಲ್ಲ. ಈಗ ಅಲ್ಟ್ರಾಸೌಂಡ್ ಪರದೆ ನೋಡ್ತಾ ಹೊಟ್ಟೆಯ ಗೋಡೆಯ ಪದರಗಳ ನಡುವೆ ಮದ್ದು ಹರಡಿಸೋ ಬ್ಲಾಕ್‌ಗಳೂ ಇವೆ.

ಲೋಕಲ್ ಮದ್ದಿಗೆ ಇನ್ನೊಂದು ಕಡೆಯಿಂದಲೂ ಬೆಲೆ ಬಂತು. ಮಕ್ಕಳಿಗೆ ಸಲೀಸಾಗಿ ಕೊಡ್ತಿದ್ದ ಕೋಡೀನ್, ಕೆಲವು ಮಕ್ಕಳ ದೇಹದಲ್ಲಿ ತೀರಾ ವೇಗವಾಗಿ ಮಾರ್ಫಿನ್ ಆಗಿ ಬದಲಾಗಿ ಉಸಿರನ್ನೇ ನಿಲ್ಲಿಸಬಹುದು ಅಂತ ತಿಳಿಯಿತು. ಟಾನ್ಸಿಲ್ ಆಪರೇಷನ್ ನಂತರ ಅದನ್ನು ಮಕ್ಕಳಿಗೆ ಕೊಡಬಾರದು ಅಂತ 2013ರಲ್ಲಿ ಅಮೆರಿಕದ ಔಷಧ ಇಲಾಖೆ ಕಟ್ಟೆಚ್ಚರಿಕೆ ಹೊರಡಿಸಿತು. ಗಾಯದ ಜಾಗದಲ್ಲೇ ನಿಂತು ಕೆಲಸ ಮಾಡೋ ಮದ್ದಿದ್ದರೆ ಅಂಥವು ಅಷ್ಟು ಕಡಿಮೆ ಸಾಕು.

ಹಾಗಂತ ಇದು ನೀರಲ್ಲ. ಬ್ಯುಪಿವಕೇನ್ ರಕ್ತಕ್ಕೆ ಜಾಸ್ತಿ ಹೋದರೆ ಹೃದಯದ ಬಡಿತಕ್ಕೇ ಕೈ ಹಾಕುತ್ತೆ. ಎಳೆ ಶಿಶುಗಳ ರಕ್ತದಲ್ಲಿ ಈ ಮದ್ದನ್ನು ಹಿಡಿದಿಡೋ ಪ್ರೋಟೀನ್ ಕಡಿಮೆ ಇರೋದರಿಂದ ಅವರಿಗೆ ಇನ್ನೂ ಎಚ್ಚರ. ಸಾಮಾನ್ಯವಾಗಿ ಹೇಳೋ ಮಿತಿ ಒಂದು ಕಿಲೋ ತೂಕಕ್ಕೆ 2.5 ಮಿಲಿಗ್ರಾಂ. ಹತ್ತು ಕಿಲೋ ಮಗು ಅಂದ್ರೆ 25 ಮಿಲಿಗ್ರಾಂ. 0.5 ಪರ್ಸೆಂಟ್ ದ್ರಾವಣ ತಗೊಂಡ್ರೆ ಅದು ಐದೇ ಎಂ.ಎಲ್., ಮೂರ್ನಾಲ್ಕು ತೂತಿಗೆ ಹಂಚೋಕೆ ಸಾಲಲ್ಲ. ಅದನ್ನೇ 0.25ಕ್ಕೆ ತೆಳುವಾಗಿಸಿದ್ರೆ ಹತ್ತು ಎಂ.ಎಲ್. ಸಿಗುತ್ತೆ, ಮದ್ದು ಅಷ್ಟೇ, ಹರಡೋ ಜಾಗ ಎರಡರಷ್ಟು. ಬರ್ಲಿನ್ನಿನ ಸಭೆಯಿಂದ ಎದ್ದು ಹೋದ ಶ್ಲೈಖ್ ಲೆಕ್ಕ ಇದೇ ಅಲ್ವಾ? ಅಕಸ್ಮಾತ್ ವಿಷವೇರಿದರೆ ಈಗ ಒಂದು ಉಪಾಯ ಇದೆ. ಊಟ ಮಾಡಲಾಗದವರಿಗೆ ರಕ್ತನಾಳದ ಮೂಲಕ ಕೊಡೋ ಕೊಬ್ಬಿನ ಬಿಳಿ ದ್ರಾವಣ. ಗೈ ವೈನ್‌ಬರ್ಗ್ ಎಂಬ ಅಮೆರಿಕನ್ ಡಾಕ್ಟರ್ 1998ರಲ್ಲಿ ಇಲಿಗಳಲ್ಲಿ ಅದರ ಪರಿಣಾಮ ತೋರಿಸಿದರು, 2006ರ ಹೊತ್ತಿಗೆ ಮನುಷ್ಯರಲ್ಲೂ ಜೀವ ಉಳಿಸಿದ ವರದಿ ಬಂತು.

ಮಾತು ಬಾರದ ಮಗುವಿನ ನೋವನ್ನು ಪ್ರತಿ ಸಲ ರಕ್ತ ತೆಗೆದು ಅಳೆಯೋಕಂತೂ ಆಗಲ್ಲ. 1997ರಲ್ಲಿ ಮಿಶಿಗನ್ನಿನ ತಂಡವೊಂದು ಫ್ಲಾಕ್ ಎಂಬ ಅಳತೆ ಕೊಟ್ಟಿತು. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ ಆಗುತ್ತಾ ಇಲ್ವಾ, ಈ ಐದಕ್ಕೂ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ನರ್ಸ್ ಬಂದು ಮಗುವನ್ನು ಸುಮ್ಮನೆ ನೋಡ್ತಾ ನಿಂತು ಏನೋ ಬರೆದುಕೊಂಡರೆ, ಅದು ಇದೇ ಇರಬಹುದು.

ನಿಮ್ಮ ಮನೆಯ ಯಾವುದಾದರೂ ಮಗುವಿಗೆ ಇಂಥ ಆಪರೇಷನ್ ಇದ್ದರೆ ಹಿಂದಿನ ದಿನವೇ ಅನಸ್ತೇಷಿಯಾ ಡಾಕ್ಟರನ್ನು ಕೇಳಿ: ತೂತಿನ ಜಾಗಕ್ಕೆ ಲೋಕಲ್ ಕೊಡ್ತೀರಾ, ಅದು ಎಷ್ಟು ಗಂಟೆಗೆ ಇಳಿಯುತ್ತೆ, ಇಳಿಯೋ ಮುಂಚೆ ಏನು ಕೊಡಬೇಕು, ಮಗುವಿನ ತೂಕಕ್ಕೆ ಎಷ್ಟು. ಯಾಕಂದ್ರೆ ಅದೇ ದಿನ ಮನೆಗೆ ಕಳಿಸಿದರೆ ಮದ್ದು ಇಳಿಯೋದು ರಾತ್ರಿ, ಕ್ಲಿನಿಕ್ ಬಾಗಿಲು ಹಾಕಿದ ಮೇಲೆ. ಸಂಜೆಯೆಲ್ಲ ಆಟ ಆಡಿಕೊಂಡಿದ್ದ ಮಗು ಒಂಬತ್ತು ಗಂಟೆಗೆ ಇದ್ದಕ್ಕಿದ್ದಂತೆ ಅಳೋಕೆ ಶುರು ಮಾಡಿದರೆ ಹಟ ಅಂದುಕೊಳ್ಳಬೇಡಿ, ಗಡಿಯಾರ ನೋಡಿ.